ಮೂರು ತಲೆಯ ಮೋಡ

ಕಾರ್ತಿಕದ ಮೊದಲ ಬುಧವಾರ ಹನ್ನೊಂದು ಗಂಟೆಗೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದು ಕತ್ತೆತ್ತಿದಾಗ, ನಮ್ಮ ಮನೆಯ ಮೋಡಕ್ಕೆ ಎರಡೇ ತಲೆ ಇದ್ದವು. ಮನೆಯಲ್ಲಿ ನಾವು ಮೂರು ಜನ: ನಾನು, ನಮ್ಮ ಯಜಮಾನರು, ಅತ್ತೆ. ಬೆಳಿಗ್ಗೆ ಮೂವರೂ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿಂದಿದ್ದೆವು. ತಟ್ಟೆಗಳು ಇನ್ನೂ ತೊಳೆಯದೆ ಬಚ್ಚಲಲ್ಲಿದ್ದವು. ನಾನು ಒಳಗೆ ಹೋಗಿ ಆ ತಟ್ಟೆಗಳನ್ನು ಎಣಿಸಿ ಮತ್ತೆ ಹೊರಗೆ ಬಂದೆ. ಮೋಡ ಎರಡೇ ಅನ್ನುತ್ತಿತ್ತು.

ನಮ್ಮೂರಲ್ಲಿ ಪ್ರತಿ ಮನೆಯ ಹಿತ್ತಲಲ್ಲೂ ಕರಿಹಾಸು ಇರುತ್ತದೆ. ಕಪ್ಪು ಕಲ್ಲಿನ ಚಪ್ಪಡಿಗಳನ್ನು ಸಂದಿಲ್ಲದೆ ಜೋಡಿಸಿದ ಅಂಗಳ ಅದು. ಮನೆಯ ಹೆಂಗಸು ಬೆಳಿಗ್ಗೆ ಅದನ್ನು ಗುಡಿಸಿ ಒಂದು ತಂಬಿಗೆ ನೀರು ಚಿಮುಕಿಸುತ್ತಾಳೆ, ಒಂದೇ ತಂಬಿಗೆ. ಎಂಟಕ್ಕೆಲ್ಲ ನೀರು ಆರಿರುತ್ತದೆ, ಒಂಬತ್ತಕ್ಕೆ ಬರಿಗಾಲಿಡಲಾಗುವುದಿಲ್ಲ. ಆಮೇಲೆ ಕಲ್ಲಿನ ಮೇಲಿನ ಗಾಳಿ ನಡುಗಲು ಶುರುವಾಗಿ ಆಚೆಯ ಗೋಡೆ ನೀರಿನೊಳಗಿದ್ದಂತೆ ಕಾಣುತ್ತದೆ. ಕಾದ ಗಾಳಿ ಹಗುರಾಗಿ ಏಳುತ್ತದೆ, ಮನೆಮಂದಿ ಬಿಟ್ಟ ಉಸಿರಿನ ಪಸೆಯನ್ನೂ ಕಲ್ಲು ಕುಡಿದ ನೀರನ್ನೂ ಎತ್ತಿಕೊಂಡು. ಹದ್ದುಗಳಿಗೆ ಅದು ಹೇಗೋ ತಿಳಿಯುತ್ತದೆ. ರೆಕ್ಕೆ ಬಡಿಯದೆ ಅದರೊಳಗೆ ಸುತ್ತುತ್ತ ಸುತ್ತುತ್ತ ಏರುತ್ತವೆ. ಹತ್ತೂವರೆಗೆ ಎತ್ತರದಲ್ಲಿ ಹಿಂಜಿದ ಅರಳೆಯಷ್ಟು ಬಿಳುಪು, ಹನ್ನೊಂದಕ್ಕೆ ಮೋಡ. ಊರಿನ ಎಲ್ಲ ಮೋಡಗಳ ತಳವೂ ಒಂದೇ ಮಟ್ಟಕ್ಕೆ, ಯಾರೋ ಆಕಾಶಕ್ಕೆ ಹಲಗೆ ಹೊಡೆದು ಅದರ ಮೇಲೆ ಸಾಲಾಗಿ ಇಟ್ಟ ಹಾಗೆ ಚಪ್ಪಟೆ. ಮೇಲುಗಡೆ ಮಾತ್ರ ಹೂಕೋಸಿನಂತೆ ಉಬ್ಬಿದ ತಲೆಗಳು. ಮನೆಯಲ್ಲಿ ಎಷ್ಟು ಜನವೋ ಅಷ್ಟು ತಲೆ.

ನಾನು ಬೇರೆ ಊರಿನವಳು. ಇಪ್ಪತ್ತಾರು ವರ್ಷದ ಕೆಳಗೆ ಸೊಸೆಯಾಗಿ ಬಂದಾಗ ಇದೆಲ್ಲ ಹೊಸದು. ಮದುವೆಯಾದ ವಾರದಲ್ಲೇ ಅತ್ತೆ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಕುದಿಯುವ ಟೀ ಕೆಟ್ಲಿ ತೋರಿಸಿದ್ದರು.

"ಹಂಪೀ, ಕೆಟ್ಲಿ ಮೂತಿ ನೋಡು. ಮೂತಿ ಹತ್ರ ಏನಾದ್ರೂ ಕಾಣ್ತದಾ?"

"ಏನೂ ಇಲ್ಲ ಅತ್ತೆಮ್ಮ."

"ಎರಡು ಬೆರಳು ಮೇಲೆ?"

"ಬಿಳೀ ಹೊಗೆ."

"ಹೊಗೆ ಅಲ್ಲ ಹುಚ್ಚಿ, ಹಬೆ. ಮೂತಿ ಹತ್ರನೂ ಐತೆ, ಬಿಸಿ ಇರೋ ತನಕ ಕಣ್ಣಿಗೆ ಬೀಳಲ್ಲ. ಮೇಲೆ ಹೋಗಿ ತಣ್ಣಗಾದಾಗ ಕಾಣ್ತದೆ. ನಮ್ಮ ಮೋಡಾನೂ ಹಂಗೇ. ಮನೇಲಿ ಇರೋದೇ ಮೇಲೆ ಹೋಗ್ತದೆ. ಇಲ್ಲಿ ಕಾಣಲ್ಲ, ಅಲ್ಲಿ ಕಾಣ್ತದೆ."

ಹನ್ನೊಂದರಿಂದ ಹನ್ನೆರಡರೊಳಗೆ ಎಣಿಸಬೇಕು. ಹನ್ನೆರಡಕ್ಕೆ ಗಾಳಿ ಎದ್ದು ಎಲ್ಲರ ಮೋಡವನ್ನೂ ಬೆರೆಸಿಬಿಡುತ್ತದೆ, ಸಂಜೆಗೆ ಕಲ್ಲು ತಣ್ಣಗಾಗುತ್ತಲೇ ಅವು ಅಂಚಿನಿಂದ ಕರಗಿ ಹೋಗುತ್ತವೆ. ಎಣಿಸುವುದು ಹೆಂಗಸರ ಕೆಲಸ. ಗಂಡಸರು ಸಂಜೆ ಬಂದು ಚಪ್ಪಲಿ ಬಿಡುತ್ತ "ಎಷ್ಟು?" ಅನ್ನುತ್ತಾರೆ, ನಾವು ಹೇಳುತ್ತೇವೆ. ಬಸುರಿಯ ಮನೆಯ ಮೋಡಕ್ಕೆ ಅವಳಿಗೇ ಗೊತ್ತಾಗುವ ಮೊದಲು ಇನ್ನೊಂದು ಪುಟ್ಟ ತಲೆ ಮೂಡುವುದುಂಟು. ಮಗಳು ಮದುವೆಯಾಗಿ ಹೋದರೆ ವಾರದೊಳಗೆ ಒಂದು ತಲೆ ಇಳಿಯುತ್ತದೆ. ನಮ್ಮ ಮಗಳು ಹೋದಾಗ ನಾಲ್ಕಿದ್ದದ್ದು ಮೂರಾಯಿತು, ನಾನು ಎರಡು ದಿನ ಹಿತ್ತಲಿಗೆ ಬರಲಿಲ್ಲ. ಪಕ್ಕದ ಮನೆಯವರ ಮೋಡವನ್ನು ಎಣಿಸುವುದು ಅವರ ಊಟದ ತಟ್ಟೆಗೆ ಕಣ್ಣು ಹಾಕಿದಷ್ಟೇ ಕೆಟ್ಟದ್ದು. ಕಂಡರೂ ಕಾಣದವರಂತೆ ಇರುವುದು ನಮ್ಮೂರ ಮರ್ಯಾದೆ.

ಮನೆಯಲ್ಲಿ ಎಲ್ಲರೂ ಇದ್ದೂ ತಲೆ ಕಡಿಮೆಯಾದರೆ ಅದಕ್ಕೊಂದು ಕಟ್ಟಳೆ ಇದೆ. ಮೇಲಿಲ್ಲದವರ ಹೆಸರನ್ನು ಕೆಳಗೆ ಕರೆಯಬಾರದು. ಅವರೂ ಇನ್ನೊಬ್ಬರ ಹೆಸರು ಕರೆಯಬಾರದು. ಊಟವಾಗಿದೆ, ನೀರು ಕಾದಿದೆ ಅನ್ನುವುದನ್ನು ಕಂಬಕ್ಕೋ ಗೋಡೆಗೋ ಹೇಳಬೇಕು. ಕರೆದರೆ ಬೇರೆ ಯಾರೋ ಓಗೊಡುತ್ತಾರೆ. ಕುಂಬಾರರ ಮನೆಯ ಹಿರಿಯ ಸೊಸೆ ಹೀಗೆ ಮೇಲಿಲ್ಲದವಳಾಗಿದ್ದಾಗ, ಅವಳ ಗಂಡ ಮರೆತು ಒಂದು ಮಧ್ಯಾಹ್ನ ಹೆಸರು ಹಿಡಿದು ಕೂಗಿದನಂತೆ. ಕರಿಹಾಸಿನ ಕಡೆಯಿಂದ "ಓ, ಬಂದೆ" ಅಂತ ಅವಳದೇ ದನಿ. ಅವಳು ನಡುಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು, ಬಾಯಿ ತೆರೆದಿರಲಿಲ್ಲ. ಎಲ್ಲರೂ ಸೇರಿ ಹಿತ್ತಲ ಕದಕ್ಕೆ ಅಗಳಿ ಹಾಕಿದರು. ಎಂಟನೇ ದಿನಕ್ಕೆ ಅಕ್ಕಿಯ ಮೊರ ಅಲ್ಲೇ ಇತ್ತು, ಅವಳು ಇರಲಿಲ್ಲ.

ಯಾವ ತಲೆ ಯಾರದು ಅಂತ ನೋಡಿ ಹೇಳಲಾಗುವುದಿಲ್ಲ. ಒಬ್ಬೊಬ್ಬರಾಗಿ ಒಂದು ದಿನದ ಮಟ್ಟಿಗೆ ಊರ ಗಡಿಕಲ್ಲು ದಾಟಿ ಹೋಗಬೇಕು. ಹೋದವರಿಂದ ಮೋಡದ ತಲೆ ಇಳಿದರೆ ಅವರು ಎಣಿಕೆಯಲ್ಲಿ ಇದ್ದವರು. ಇಳಿಯದಿದ್ದರೆ, ಮೇಲಿಲ್ಲದವರು ಅವರೇ. ಆವತ್ತು ಸಂಜೆ ನಾನು "ಎರಡು" ಅಂದಾಗ ನಮ್ಮ ಯಜಮಾನರು ಒಂದು ಚಪ್ಪಲಿ ಬಿಟ್ಟು ಒಂದು ಬಿಡದೆ ನಿಂತರು. ಅವರು ಕಲ್ಲು ಕ್ವಾರಿಯಲ್ಲಿ ಮೇಸ್ತ್ರಿ, ಗಟ್ಟಿ ಮನುಷ್ಯ. ಮರುದಿನ ಕೆಲಸ ಬಿಟ್ಟು ಗಡಿ ದಾಟಿ ಹೋದರು. ಹನ್ನೊಂದಕ್ಕೆ ಮೋಡಕ್ಕೆ ಒಂದೇ ತಲೆ. ಅಂದರೆ ಅವರು ಇದ್ದಾರೆ.

ಅದರ ಮರುದಿನ ಅತ್ತೆ ಕೆರೆಯಾಚೆ ತಮ್ಮ ಮಗಳ ಮನೆಗೆ ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, "ಹಂಪೀ, ಹೆದರ್ಕೋಬ್ಯಾಡ. ಮುದುಕಿ ನಾನು, ನಂದೇ ಇರ್ತದೆ," ಅಂದರು. ಹನ್ನೊಂದಕ್ಕೆ ನಾನು ಕರಿಹಾಸಿನ ಅಂಚಿನಲ್ಲಿ ನಿಂತು ನೋಡಿದೆ. ಎರಡಿರಬೇಕು ಅಂತ ದೇವರಿಗೆ ಕೈಮುಗಿದೆ, ಯಾವ ಬಾಯಲ್ಲಿ ಹಾಗೆ ಬೇಡಿಕೊಂಡೆನೋ. ಒಂದೇ ಇತ್ತು. ದುಂಡಗೆ, ಬೆಳ್ಳಗೆ, ಒಂಟಿಯಾಗಿ. ಕ್ವಾರಿಯಲ್ಲಿ ಕಲ್ಲು ಒಡೆಸುತ್ತಿದ್ದ ನನ್ನ ಗಂಡನ ತಲೆ. ಕೆಳಗೆ ಸುಡುವ ಕಲ್ಲಿನ ಪಕ್ಕದಲ್ಲಿ ನಾನು ನಿಂತಿದ್ದೆ, ಮೇಲೆ ನಾನು ಇರಲಿಲ್ಲ.

ಸಂಜೆ ಅವರು "ಎಷ್ಟು?" ಅಂದರು. ನನ್ನ ಬಾಯಿ "ಎರಡು" ಅಂದಿತು, ಅತ್ತೆ ಹೋದರೂ ತಲೆ ಇಳಿದಿಲ್ಲ ಅನ್ನುವಂತೆ.

ಮೂರೇ ಅಕ್ಷರ ನಾನು ಆಡಿದ್ದು, ಆದರೆ ಆ ಒಂದು ಮಾತಿಗೆ ಅವರು ತಮ್ಮ ತಾಯಿಯ ತಟ್ಟೆಯನ್ನು ತಾವೇ ಎತ್ತಿ ಗೋಡೆಯ ಪಕ್ಕ ಇಟ್ಟರು. ಅತ್ತೆ ವಾಪಸು ಬಂದಾಗ ತಟ್ಟೆಯ ಜಾಗ ನೋಡಿದರು, ನನ್ನನ್ನು ನೋಡಿದರು. ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತರು. ನಮ್ಮ ಯಜಮಾನರು ಕಂಬದ ಕಡೆ ತಿರುಗಿ, "ಸಾರಿಗೆ ಉಪ್ಪು ಕಡಿಮೆ ಐತೆ, ಬೇಕಾದ್ರೆ ಹಾಕ್ಕೋಬೇಕು," ಅಂದರು. ಅವರ ಕಣ್ಣಲ್ಲಿ ನೀರಿತ್ತು.

ಅತ್ತೆಗೆ ನಮಗಿಂತ ಚೆನ್ನಾಗಿ ಕಟ್ಟಳೆ ಗೊತ್ತಿತ್ತು. ಅವರು ಮಾತು ನಿಲ್ಲಿಸಿದರು, ಹೆಸರು ಕರೆಯುವುದನ್ನೂ ನಿಲ್ಲಿಸಿದರು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಪಾತ್ರೆ ತಿಕ್ಕುತ್ತಿದ್ದಾಗ ನನಗೆ ಥಟ್ಟನೆ ಹೊಳೆಯಿತು: ನನ್ನ ಹೆಸರನ್ನು ಈಗ ಯಾರೂ ಕರೆಯುತ್ತಿಲ್ಲ. ನಮ್ಮ ಯಜಮಾನರಿಗೆ ನಾನು ಯಾವತ್ತೂ "ಏಯ್" ಇಲ್ಲವೇ "ಇವಳೇ." ಬೀದಿಗೆ ನಾನು ಕೊಟ್ರೇಶಿಯ ಹೆಂಡತಿ. ಹಂಪಿ ಅಂತ ಕೂಗುತ್ತಿದ್ದದ್ದು ಈ ಮುದುಕಿ ಒಬ್ಬಳೇ. ಯಾವುದಕ್ಕೆ ಹೆದರಿ ಸುಳ್ಳು ಹೇಳಿದೆನೋ ಅದೇ ನನಗೆ ಆಗಿತ್ತು. ಆದರೂ ಬಾಯಿ ಬಿಡಲಿಲ್ಲ. ಒಂದು ಸಲ ಕದ್ದ ಕೂಳು, ಉಗುಳಲೂ ಆಗದು, ನುಂಗಲೂ ಆಗದು.

ಮಂಗಳವಾರ ಕ್ವಾರಿಗೆ ರಜೆ. ಅವರು ಮನೆಯಲ್ಲಿರುತ್ತಾರೆ, ಹಿತ್ತಲಿಗೆ ಬೀಡಿ ಸೇದಲು ಬರುತ್ತಾರೆ. ಅತ್ತೆ ಮತ್ತೆ ಗಡಿ ದಾಟಿ ಹೋಗುವ ದಿನ ಬಂದರೆ, ಇಲ್ಲ ಸುಮ್ಮನೆ ನನ್ನ ಮುಖ ನೋಡಿ ಅವರಿಗೆ ಸಂಶಯ ಬಂದು, ನನ್ನನ್ನೇ ಗಡಿ ದಾಟಿಸಿ ತಲೆ ಎತ್ತಿದರೆ? ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮಂಗಳವಾರ ಬೆಳಿಗ್ಗೆ ಒಂದು ತಂಬಿಗೆಯ ಬದಲು ಕೊಡಗಟ್ಟಲೆ ನೀರು ಸುರಿದೆ. ಒದ್ದೆ ಕಲ್ಲಿಗೆ ಬಿಸಿಲೆಲ್ಲ ನೀರು ಆರಿಸುವುದರಲ್ಲೇ ಮುಗಿಯುತ್ತದೆ, ಕಾಯಲು ಉಳಿಯುವುದಿಲ್ಲ. ಮೋಡ ತಡವಾಗಿ ಎದ್ದಿತು, ಕಲಸಿದ ಹಿಟ್ಟಿನ ಹಾಗೆ, ತಲೆ ಯಾವುದು ಬಾಲ ಯಾವುದು ಗೊತ್ತಾಗದಂತೆ. ನಾನು ಗೆದ್ದೆ ಅಂದುಕೊಂಡೆ. ಬೇರೆಯವರ ಮೋಡದ ತಳಕ್ಕಿಂತ ಅದು ಒಂದು ಮೊಳ ಕೆಳಗಿದ್ದಂತೆ ಕಂಡಿತು, ಕಣ್ಣಿನ ಭ್ರಮೆ ಅಂದುಕೊಂಡೆ.

ಎರಡನೇ ಮಂಗಳವಾರ ಅದು ಇನ್ನೂ ಕೆಳಗಿತ್ತು. ಮೂರನೆಯದಕ್ಕೆ ಹುಣಸೆ ಮರದ ನೆತ್ತಿಯ ಮಟ್ಟಕ್ಕೆ ಬಂತು. ಪಸೆ ಜಾಸ್ತಿಯಾದ ಗಾಳಿ ದೂರ ಏರುವ ಮುಂಚೆಯೇ ಬೆಳ್ಳಗಾಗುತ್ತದೆ. ಕಲ್ಲಿನಡಿಯ ಮಣ್ಣು ಅಷ್ಟೊಂದು ನೀರು ಕುಡಿದಿತ್ತು. ಉಳಿದ ದಿನಗಳಲ್ಲೂ ಅದು ಮೊದಲಿನ ಮಟ್ಟಕ್ಕೆ ಹೋಗಲಿಲ್ಲ. ಊರಿನ ಮೋಡಗಳೆಲ್ಲ ಮೇಲೆ ಸಾಲಾಗಿ ಕೂತಿರುತ್ತಿದ್ದವು, ನಮ್ಮದೊಂದು ಕೆಳಗೆ ಇಳಿದು ಬಂದು ನಮ್ಮ ಹಂಚನ್ನು ನೋಡುತ್ತಿತ್ತು. ಅದರ ನೆರಳು ಅಡುಗೆಮನೆಯ ಕಿಟಕಿ ದಾಟಿ ಒಳಗೆ ಬರುತ್ತಿತ್ತು. ನೀರು ಸುರಿದು ನಡೆದಾಡಿದರೆ ಕಲ್ಲಿನ ಮೇಲೆ ನನ್ನ ಒದ್ದೆ ಹೆಜ್ಜೆಗಳು ಮೂಡುತ್ತಿದ್ದವು. ನನ್ನ ಎಡಗಾಲಿನ ಕಿರುಬೆರಳು ನೆಲಕ್ಕೆ ತಾಗುವುದಿಲ್ಲ, ಹುಟ್ಟಿನಿಂದ ಹಾಗೆ. ಆ ಹೆಜ್ಜೆಯ ಗುರುತಿನಲ್ಲಿ ನಾಲ್ಕೇ ಬೆರಳು. ಒಂದು ದಿನ ನಾನು ಬಾವಿಕಟ್ಟೆಯ ಹತ್ತಿರವೇ ನಿಂತಿದ್ದೆ, ಕಲ್ಲಿನ ನಡುವೆ ಅಂಥದೊಂದು ಹೆಜ್ಜೆ ಆಗತಾನೇ ಮೂಡಿ ಆರುತ್ತಿತ್ತು.

ಪಕ್ಕದ ಮನೆಯ ಓಬಕ್ಕ ಗೋಡೆಯ ಆಚೆಯಿಂದ ಒದ್ದೆ ಸೀರೆ ಹಿಂಡುತ್ತ, "ಏನವ್ವಾ ಕೊಟ್ರೇಶಿ ಹೆಂಡ್ತಿ, ನಿಮ್ಮ ಮನೇದು ಕೆಳಗೆ ಕುಕ್ಕರಗಾಲಲ್ಲಿ ಕೂತ್ಕೊಂಡದೆ. ನನ್ನ ಬಟ್ಟೆ ಮೂರು ದಿನದಿಂದ ಆರಿಲ್ಲ," ಅಂದಳು.

"ನೀರು ಒಂಚೂರು ಜಾಸ್ತಿ ಬಿತ್ತು ಓಬಕ್ಕ."

"ಒಂಚೂರಾ? ತಂಬಿಗೇಲಿ ಹಾಕ್ತೀಯೋ, ಬಾವೀನೇ ಎತ್ತಿ ಬಗ್ಗಿಸ್ತೀಯೋ?" ಅಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಾನೇನೂ ನೋಡಿಲ್ಲವ್ವ. ನಂಗೆ ಕತ್ತು ನೋವು, ಮ್ಯಾಲೆ ಎತ್ತೋಕೇ ಆಗಲ್ಲ. ಆವತ್ತು ನಿಮ್ಮತ್ತೆ ಕೆರೆಯಾಚೆ ಹೋದಾಗಿಂದ ನೋವು," ಅಂದಳು. ಸೀರೆಯನ್ನು ಹಿಂಡಿದ್ದನ್ನೇ ಮತ್ತೆ ಹಿಂಡಿ ಒಳಗೆ ಹೋದಳು.

ಐದನೆಯ ಬುಧವಾರ ನಾನು ಹನ್ನೊಂದಕ್ಕೆ ಹೊರಗೆ ಬಂದೆ. ಎರಡು ಎಣಿಸುವುದು ಅಷ್ಟು ಹೊತ್ತಿಗೆ ರೂಢಿಯಾಗಿತ್ತು. ಮೋಡ ಹಂಚಿನಿಂದ ಹತ್ತಾಳೆತ್ತರದಲ್ಲಿ ನಿಂತಿತ್ತು, ಅದರಿಂದ ಬಾವಿಯೊಳಗಿನ ತಂಪು ಇಳಿಯುತ್ತಿತ್ತು. ಅದಕ್ಕೆ ಒಂದೇ ತಲೆ.

ಯಾರೂ ಗಡಿ ದಾಟಿರಲಿಲ್ಲ. ಯಜಮಾನರು ಕ್ವಾರಿಯಲ್ಲಿ, ಅತ್ತೆ ಒಳಗೆ. ಆ ಒಂದು ತಲೆ ಯಜಮಾನರದೇ ಇರಬೇಕು, ಏಕೆಂದರೆ ಊರಿನಲ್ಲಿ ಅವರ ಹೆಸರನ್ನು ದಿನಕ್ಕೆ ನೂರು ಸಲ ಕೂಗುತ್ತಿದ್ದರು. ಇಪ್ಪತ್ತಾರು ದಿನ ಯಾರೂ ಕರೆಯದೆ, ಗೋಡೆ ಪಕ್ಕ ಕೂರಿಸಿ, ಕಂಬಕ್ಕೆ ಮಾತು ಹೇಳಿ ನಾವು ಅತ್ತೆಯನ್ನು ಮೇಲಿನಿಂದ ಅಳಿಸಿದ್ದೆವು. ನನ್ನ ಸುಳ್ಳು ನಿಜವಾಗಿತ್ತು. ಕುಂಬಾರರ ಸೊಸೆಯ ಅಕ್ಕಿ ಮೊರ ಕಣ್ಣ ಮುಂದೆ ಬಂತು. ನಾನು ಓಡಿದೆ.

ಅತ್ತೆ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಹೋಗಿ ಮುಂದೆ ಕುಸಿದು ಅವರ ಕಾಲು ಹಿಡಿದೆ. "ಅತ್ತೆಮ್ಮಾ, ತಪ್ಪಾಯ್ತು. ಆವತ್ತು ಎರಡಿರಲಿಲ್ಲ."

ಬೆಳ್ಳುಳ್ಳಿಯ ಸಿಪ್ಪೆ ಬೆರಳಿಗೆ ಅಂಟಿದ್ದನ್ನು ಊದಿ ಬೀಳಿಸಿ, ಅವರು ಬಹಳ ದಿನದಿಂದ ಮುಚ್ಚಿಟ್ಟ ದನಿಯಲ್ಲಿ, "ಗೊತ್ತು. ಒಂದಿತ್ತು. ಕೆರೆ ಏರಿ ಮೇಲಿಂದ ನಮ್ಮ ಮೋಡ ಚೆನ್ನಾಗಿ ಕಾಣ್ತದೆ," ಅಂದರು.

"ನೋಡಿದ್ರಾ? ಮತ್ತೆ ಯಾಕೆ ಸುಮ್ನಿದ್ರಿ?"

"ನಿಂಗೆ ಹೆದರಿಕೆ ಆಗಿತ್ತು, ನಂಗೆ ವಯಸ್ಸಾಗಿತ್ತು. ಇರ್ಲಿ ಅಂದ್ಕೊಂಡೆ. ಹೆಸರು ಕರೀದಿದ್ರೆ ನಂಗೇನು, ಈ ವಯಸ್ಸಲ್ಲಿ ಕರೆಯೋರು ಕರೆದ್ರೂ ಕೆಲಸಕ್ಕೇ ಅಲ್ವಾ." ಸ್ವಲ್ಪ ನಕ್ಕರು. ಆಮೇಲೆ ನಗು ನಿಂತಿತು. "ಆದ್ರೆ ಹಿಂಗಾಗ್ತದೆ ಅಂತ ಗೊತ್ತಿರ್ಲಿಲ್ಲ. ನಿನ್ನೆ ಕನ್ನಡಿ ಮುಂದೆ ಕೂತು ತಲೆ ಬಾಚ್ಕೊಳ್ತಿದ್ದೆ. ಅರ್ಧ ಬಾಚಿದ ಮೇಲೆ ಇದು ಯಾರ ತಲೆ ಅಂತ ಮರೆತೆ. ಬಾಚಣಿಗೆ ಹಿಡ್ಕೊಂಡು ಬಹಳ ಹೊತ್ತು ಕೂತಿದ್ದೆ."

ನನಗೆ ಅಳು ಬರಲಿಲ್ಲ. ಅವರು ನನ್ನ ಗಲ್ಲ ಹಿಡಿದು ಎತ್ತಿದರು. "ನಿಂದು ಯಾವತ್ತು ಹೋಯ್ತು, ಹೇಳು. ಏನಾಗಿತ್ತು?"

ನನಗೆ ಗೊತ್ತಿತ್ತು. ಆ ಮೊದಲ ಬುಧವಾರದ ಹಿಂದಿನ ಸಂಜೆ ನನ್ನ ಅಣ್ಣ ಹೇಳಿಕಳಿಸಿದ್ದ: ಅವ್ವನ ಅಡುಗೆಮನೆ ಕೆಡವುತ್ತಿದ್ದೇವೆ, ಒಂದು ಸಲ ಬಂದು ನೋಡಿಹೋಗು. ನಾನು ಬಡಿಸುತ್ತ ಅದನ್ನು ಹೇಳಿದೆ. ನಮ್ಮ ಯಜಮಾನರು ತಟ್ಟೆಯಿಂದ ತಲೆ ಎತ್ತುವ ಮೊದಲೇ ನಾನೇ, "ಹೋಗಿ ಮಾಡೋದೇನಿದೆ," ಅಂದುಬಿಟ್ಟೆ. ಅವರು "ಹೂಂ" ಅಂದರು. ಅವರು ಬೇಡ ಅಂದಿರಲಿಲ್ಲ. ಎಷ್ಟೋ ವರ್ಷ ಅವರ ಬಾಯಿಂದ ಕೇಳಿದ್ದನ್ನು ಆವತ್ತು ನಾನೇ ನನಗೆ ಹೇಳಿಕೊಂಡಿದ್ದೆ. ಬೆಳಿಗ್ಗೆ ಕರಿಹಾಸು ಗುಡಿಸುವಾಗ ಎದೆಯಿಂದ ಏನೋ ಹಗುರಾಗಿ ಎದ್ದು ಹೋದಂತಾಗಿತ್ತು. ನೆಮ್ಮದಿ ಅಂದುಕೊಂಡಿದ್ದೆ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ನಾನು ಎದ್ದು ನಿಂತೆ. ಅತ್ತೆಯ ಹೆಸರನ್ನು ಸೊಸೆ ಕರೆಯುವುದಿಲ್ಲ. ಮೇಲಿಲ್ಲದವರ ಹೆಸರನ್ನು ಯಾರೂ ಕರೆಯುವುದಿಲ್ಲ. ಎರಡನ್ನೂ ಮುರಿದು ನಾನು ಕೂಗಿದೆ. "ಈರವ್ವಾ!"

ಹಿತ್ತಲಿಂದ ಉತ್ತರ ಬಂತು. "ಓ, ಬಂದೆ."

ಅತ್ತೆಯದೇ ಗೊಗ್ಗರು ದನಿ. ನನ್ನ ಮುಂದೆ ಕೂತಿದ್ದ ಅತ್ತೆಯ ತುಟಿ ಅಲುಗಿರಲಿಲ್ಲ. ಒಂದು ಬೆಳ್ಳುಳ್ಳಿ ಎಸಳು ಅವರ ಕೈಯಿಂದ ಉರುಳಿ ಒಲೆಯ ತನಕ ಹೋಯಿತು. ನಾನು ಹಿತ್ತಲ ಕದಕ್ಕೆ ಹಾರಿ ಅದನ್ನು ಮುಚ್ಚಿ ಅಗಳಿ ಹಾಕಹೋದೆ.

"ಮುಟ್ಟಬ್ಯಾಡ!" ಅಂದರು ಅತ್ತೆ. ಗೋಡೆ ಹಿಡಿದು ಎದ್ದರು. ಇಪ್ಪತ್ತಾರು ದಿನದ ಮೇಲೆ ಮೊದಲ ಸಲ, ಎದೆ ತುಂಬ ಉಸಿರು ತುಂಬಿಕೊಂಡು ಕರೆದರು. "ಹಂಪೀ!"

ನನ್ನ ಬಾಯಿ ತೆರೆಯುವ ಮೊದಲೇ ಕದದ ಆಚೆ ನನ್ನದೇ ದನಿ, "ಬಂದೆ ಅತ್ತೆಮ್ಮ," ಅಂದಿತು. ಬಿಸಿಲಲ್ಲಿ ಬಹಳ ಹೊತ್ತು ನಿಂತವರ ಒಣಗಿದ ದನಿ.

ನಾನು ಕಿಟಕಿಯಿಂದ ನೋಡಿದೆ. ಯಾರೂ ಇರಲಿಲ್ಲ. ಕಾದ ಕಲ್ಲಿನ ಮೇಲೆ ಗಾಳಿ ನಡುಗುತ್ತಿತ್ತು. ಆ ನಡುಕದೊಳಗೆ, ಬಾವಿಕಟ್ಟೆಯ ಕಡೆಯಿಂದ, ಎರಡು ಜೋಡಿ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡುತ್ತ ಬರುತ್ತಿದ್ದವು, ಮುಂದಿನದು ಮೂಡುವಷ್ಟರಲ್ಲಿ ಹಿಂದಿನದು ಆರುತ್ತಿತ್ತು. ಒಂದು ಜೋಡಿ ಸಣ್ಣಗೆ, ಕಾಲೆಳೆದುಕೊಂಡು. ಇನ್ನೊಂದರ ಎಡಗಾಲಿಗೆ ನಾಲ್ಕೇ ಬೆರಳು.

"ಅತ್ತೆಮ್ಮಾ, ಬ್ಯಾಡ. ಅವರು ಬೇರೆ ಯಾರೋ."

"ಬೇರೆ ಯಾರೋ ಅಂತ ಹೇಳ್ದೋರು ಯಾರೇ? ಕದ ತೆಗೆದು ನೋಡ್ದೋರು ಒಬ್ರಾದ್ರೂ ಇದ್ದಾರಾ? ಎಲ್ಲಾ ಅಗಳಿ ಹಾಕ್ಕೊಂಡೋರೇ." ಅತ್ತೆ ಉಸಿರಾಡಲು ನಿಂತರು. "ಕುಂಬಾರರ ಹುಡುಗಿ ಪಾಪ, ತಾನೇ ಹೊರಗೆ ನಿಂತು ಕದ ತಟ್ಟಿರ್ತಾಳೆ. ತೆಗಿ. ಎಷ್ಟು ದಿನ ನಿಲ್ಲಿಸ್ತೀಯ ನಿನ್ನನ್ನ ನೀನೇ ಬಿಸಿಲಲ್ಲಿ?"

ನಾನು ಕದ ತೆಗೆದೆ.

ರೊಟ್ಟಿ ಒಲೆಗೆ ಮುಖ ಒಡ್ಡಿದಂತೆ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಅದರಲ್ಲಿ ಬೂದಿಯ ವಾಸನೆ, ಹುರಿದ ಶೇಂಗಾದ ವಾಸನೆ. ನಮ್ಮ ಅವ್ವನ ಅಡುಗೆಮನೆ ಹಾಗೆ ಘಮಿಸುತ್ತಿತ್ತು. ಹೆಜ್ಜೆಗಳು ಹೊಸ್ತಿಲ ತನಕ ಬಂದವು. ಹೊಸ್ತಿಲ ಈಚೆ ನೆಲ ಒಣಗಿತ್ತು. ನನ್ನ ಎದೆಯೊಳಗೆ ಏನೋ ಭಾರವಾಗಿ ಬಂದು ಕೂತಿತು, ಎಷ್ಟು ಭಾರವೆಂದರೆ ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಆಗ ಅಳು ಬಂತು.

ಹಿಂದಿನಿಂದ ಅತ್ತೆ, "ಹಂಪೀ, ಒಗ್ಗರಣೆಗೆ ಇಷ್ಟು ಬೆಳ್ಳುಳ್ಳಿ ಸಾಕೇನೇ?" ಅಂದರು. ನಾನೇ "ಸಾಕು" ಅಂದೆ. ನನ್ನ ಬಾಯಿಂದಲೇ ಅಂದೆ.

ಸಂಜೆ ನಮ್ಮ ಯಜಮಾನರು ಬಂದು ಚಪ್ಪಲಿ ಬಿಡುತ್ತ, "ಎಷ್ಟು?" ಅಂದರು. ನಾನು ಎಲ್ಲವನ್ನೂ ಹೇಳಿದೆ, ಮೊದಲ ಬುಧವಾರದಿಂದ. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು. ನನ್ನನ್ನು ಹೊಡೆಯುತ್ತಾರೆ ಅಂದುಕೊಂಡೆ. ಅವರು ಎದ್ದು ಹೋಗಿ ಗೋಡೆ ಪಕ್ಕದ ತಟ್ಟೆಯನ್ನು ತಂದು ನಡುವೆ ಇಟ್ಟು, ತಾಯಿಯ ಮುಂದೆ ಕೂತು, "ಅವ್ವಾ" ಅಂದರು. ಅತ್ತೆ, "ಉಣ್ಣು, ತಣ್ಣಗಾಗ್ತದೆ," ಅಂದರು.

"ನಾಳೆ ಹನ್ನೊಂದಕ್ಕೆ ಮನೇಲಿರಿ," ಅಂದೆ ನಾನು. "ಇನ್ಮೇಲೆ ನಾನು ಹೇಳೋದು ಬೇಡ, ನೀವೇ ಎಣಿಸಿ. ನಾಳಿದ್ದು ನಾನು ನಮ್ಮೂರಿಗೆ ಹೋಗ್ತೀನಿ. ಅಡುಗೆಮನೆ ಇಲ್ಲ, ಅದು ಇದ್ದ ಜಾಗ ಇರ್ತದಲ್ಲ."

ಮರುದಿನ ಕರಿಹಾಸಿಗೆ ಒಂದೇ ತಂಬಿಗೆ ನೀರು ಹಾಕಿದೆ. ಹನ್ನೊಂದಕ್ಕೆ ಅವರು ಹಿತ್ತಲಲ್ಲಿ ನಿಂತು, ಅಭ್ಯಾಸವಿಲ್ಲದ ಕತ್ತನ್ನು ಹಿಂದಕ್ಕೆ ಚೆಲ್ಲಿ, ಬೆರಳು ತೋರಿಸಿ ತೋರಿಸಿ ಎಣಿಸಿದರು. ಮೋಡ ಇನ್ನೂ ಬೇರೆಯವರದಕ್ಕಿಂತ ಕೆಳಗಿತ್ತು, ಮಣ್ಣು ಆರಲು ದಿನ ಬೇಕು. ಗೋಡೆಯ ಆಚೆ ಓಬಕ್ಕನ ಕತ್ತು ನೋವು ವಾಸಿಯಾದಂತಿತ್ತು, ಅವಳೂ ಮೇಲೆ ನೋಡುತ್ತಿದ್ದಳು. ಅವರು ಒಂದು ಸಲ ಎಣಿಸಿ, ನಂಬದೆ ಮತ್ತೆ ಎಣಿಸಿದರು.

"ಮೂರು," ಅಂದರು. ಆಮೇಲೆ, ಮೇಲಿನಿಂದ ಕಣ್ಣು ತೆಗೆಯದೆ, ಮೆಲ್ಲಗೆ ಕೇಳಿದರು. "ಏಯ್, ಅದರಲ್ಲಿ ನಿಂದು ಯಾವುದು?"

"ಹೆಸರು ಹಿಡಿದು ಕರೆದು ನೋಡಿ," ಅಂದೆ.